ಮೊದಲ ಪ್ರಯಾಣದ ಖರ್ಚು ಎಲ್ಲಿ?

ಕೆನಡಾದ ಒಂದು ವಿಶ್ವವಿದ್ಯಾಲಯದಲ್ಲಿ ಸಂಶೋಧನೆಯ ಅನುದಾನಕ್ಕೆ ಬರುವ ಅರ್ಜಿಗಳನ್ನು ಓದುವುದು ನನ್ನ ಕೆಲಸ. ಅದರಲ್ಲೂ ಆರ್ಕ್ಟಿಕ್‌ನ ಮೂಲನಿವಾಸಿ ಇನೂಯಿಟ್ ಜನರ ಊರುಗಳ ಜೊತೆ ಸೇರಿ ಮಾಡುವ ಕೆಲಸಗಳು. ಅರ್ಜಿ ಬಂದ ಕೂಡಲೇ ನಾನು ನೋಡುವುದು ಬಜೆಟ್ ಪುಟ. ವಿವರಣೆಯಲ್ಲಿ ‘ಸಮುದಾಯದ ಸಹಭಾಗಿತ್ವ’ ಅಂತ ಹತ್ತು ಕಡೆ ಬರೆದಿರುತ್ತಾರೆ. ಊರಿನವರಿಗೆ ಅಂತ ಇಟ್ಟ ದುಡ್ಡು ಮಾತ್ರ ಮೂರನೇ ವರ್ಷದ ಕೊನೆಯ ಸಾಲಿನಲ್ಲಿ: ಒಂದು ಸಭೆ, ಒಂದಷ್ಟು ಪೋಸ್ಟರ್.

ಎಷ್ಟು ಸಲ ಹೇಳಿದರೂ ಇದೇ ಕಥೆ. ಊರಿನ ಪಾಲು ಮೊದಲ ವರ್ಷದಲ್ಲೇ ಇರಬೇಕು. ಇನ್ನೂ ಬಿಡಿಸಿ ಹೇಳುತ್ತೇನೆ: ಏನನ್ನು ಹುಡುಕಬೇಕು ಅಂತ ತೀರ್ಮಾನಿಸುವ ಮೊದಲೇ ಇರಬೇಕು. ಕೆನಡಾದ ಉತ್ತರದ ನೂನಾವುಟ್ ಪ್ರದೇಶದಲ್ಲಿ ಸಂಶೋಧನೆಗೆ ಪರವಾನಗಿ ಬೇಕು. ಅದಕ್ಕೆ ಯೋಜನೆಯ ಸಾರಾಂಶವನ್ನು ಇನೂಯಿಟ್ ಭಾಷೆ ಇನುಕ್ಟಿಟುಟ್‌ಗೆ ಅನುವಾದ ಮಾಡಿಸಬೇಕು. ನೂನಾವುಟ್‌ನ ರಾಜಧಾನಿ ಇಕಾಲುಯಿಟ್‌ಗೆ ದಕ್ಷಿಣದಿಂದ ರಸ್ತೆ ಇಲ್ಲ, ವಿಮಾನದ ಟಿಕೆಟ್ ತುಂಬಾ ದುಬಾರಿ. ದೊಡ್ಡ ಅನುದಾನ ಕೈಗೆ ಬರುವ ಮುಂಚೆಯೇ ಇವೆಲ್ಲ ಖರ್ಚು ಎದುರಾಗುತ್ತವೆ, ಅಲ್ವಾ? ಅದಕ್ಕೇ ವಿಶ್ವವಿದ್ಯಾಲಯದೊಳಗಿನ ಸಣ್ಣ ನಿಧಿಗಳನ್ನು ಮೊದಲು ಕೇಳಿ ಅನ್ನುತ್ತೇನೆ. ಕೆನಡಾದ ಇನೂಯಿಟ್ ಜನರ ರಾಷ್ಟ್ರೀಯ ಸಂಸ್ಥೆ ಇನೂಯಿಟ್ ತಪಿರೀಟ್ ಕನಾಟಮಿ 2018ರಲ್ಲಿ ತಂದ ಸಂಶೋಧನಾ ಕಾರ್ಯತಂತ್ರ ಕೂಡ ಅನುದಾನ ಇನೂಯಿಟ್ ಜನರ ಆದ್ಯತೆಗೆ ತಕ್ಕಂತೆ ಇರಬೇಕು ಅಂತ ಕೇಳಿತ್ತು. ನೂನಾವಿಕ್, ನೂನಾಟ್ಸಿಯಾವುಟ್ ಅನ್ನುವ ಇನೂಯಿಟ್ ಪ್ರದೇಶಗಳ ಪದ್ಧತಿ ಬೇರೆ. ನನ್ನ ಮಾತಿಗಿಂತ ಅಲ್ಲಿಯ ಕಚೇರಿಯ ಮಾತನ್ನೇ ನಂಬಿ.

ದಾವಣಗೆರೆ ಕಡೆಯ ಹುಡುಗನೊಬ್ಬ ಸಮುದ್ರದ ಮಂಜುಗಡ್ಡೆಯ ಬಗ್ಗೆ ಅರ್ಜಿ ಹಾಕಿದ್ದ. ಉಪಗ್ರಹ ಚಿತ್ರಗಳ ಕೆಲಸ, ಬುದ್ಧಿವಂತ. ಸಣ್ಣ ನಿಧಿ ಕೊಡಿಸಿ, ‘ಸುಮ್ನೆ ಒಂದು ವಾರ ಹೋಗಿ ಬಾ, ಲ್ಯಾಪ್‌ಟಾಪ್ ತೆಗೀಬೇಡ’ ಅಂದೆ. ಅಲ್ಲಿ ಒಬ್ಬ ಹಿರಿಯ ಬೇಟೆಗಾರರು ನಮ್ಮ ಹಾರೆಯಂಥ ಉದ್ದನೆಯ ಸಲಾಕೆಯಿಂದ ಮಂಜುಗಡ್ಡೆಯನ್ನು ಕುಟ್ಟುತ್ತಾ ಮುಂದೆ ನಡೆದರಂತೆ. ಒಂದು ಕಡೆ ಹಿಮ ದಪ್ಪಗೆ ಕೂತಿತ್ತು. ಅಲ್ಲಿ ಒಂದೇ ಏಟಿಗೆ ಸಲಾಕೆ ತೂರಿ ನೀರು ಉಕ್ಕಿತು. ಹಿಮ ಕಂಬಳಿಯ ಹಾಗೆ ಹೊದ್ದುಕೊಂಡರೆ ಕೆಳಗೆ ಮಂಜುಗಡ್ಡೆ ಬೆಳೆಯುವುದು ನಿಧಾನ. ‘ನಿನ್ನ ಚಿತ್ರದಲ್ಲಿ ಇದು ಕಾಣುತ್ತಾ?’ ಅಂತ ಕೇಳಿದರಂತೆ. ಹುಡುಗ ಬಂದವನೇ ಪ್ರಶ್ನೆಯನ್ನೇ ಬದಲಿಸಿದ. ಸ್ನೋಮೊಬೈಲ್ (ಹಿಮದ ಮೇಲಿನ ಮೋಟಾರು ಗಾಡಿ) ಓಡುವ ದಾರಿಗಳಲ್ಲಿ ಮಂಜುಗಡ್ಡೆ ಎಷ್ಟು ದಪ್ಪ ಅನ್ನುವುದೇ ಈಗ ಅವನ ಕೆಲಸ.

ಇದು ಹೊಸ ದಾರಿಯೇನಲ್ಲ. 2009–10ರ ಚಳಿಗಾಲ ನೂನಾಟ್ಸಿಯಾವುಟ್‌ನಲ್ಲಿ ವಿಪರೀತ ಬೆಚ್ಚಗಿತ್ತು, ಮಂಜುಗಡ್ಡೆ ನಂಬುವ ಹಾಗಿರಲಿಲ್ಲ. ಅಲ್ಲಿಯವರ ಆ ಚಿಂತೆಯಿಂದಲೇ ಮೆಮೋರಿಯಲ್ ವಿಶ್ವವಿದ್ಯಾಲಯದ ಜೊತೆ ಮಂಜುಗಡ್ಡೆಯ ದಪ್ಪ ಅಳೆದು ಊರಿನವರಿಗೆ ತಿಳಿಸುವ ಸ್ಮಾರ್ಟ್‌ಐಸ್ ಸಂಸ್ಥೆ ಹುಟ್ಟಿತು. ದಪ್ಪ ಅಳೆಯುವ ಉಪಕರಣವನ್ನು ಸ್ಲೆಡ್ ಮೇಲಿಟ್ಟು ಸ್ನೋಮೊಬೈಲ್‌ಗೆ ಕಟ್ಟಿ ಎಳೆಯುವವರು ಊರಿನವರೇ, ಸಂಬಳ ಪಡೆದು.

ಇನ್ನೊಂದು ಮಾತು. ಊರಿನವರಿಗೆ ಗೌರವಧನ ಕೊಡುವ ಬಗೆಯನ್ನು ಹೊರಡುವ ಮೊದಲೇ ನಿಮ್ಮ ಹಣಕಾಸು ವಿಭಾಗದಲ್ಲಿ ಕೇಳಿಕೊಳ್ಳಿ. ಆ ಹಿರಿಯ ಬೇಟೆಗಾರರು ಸ್ನೋಮೊಬೈಲ್‌ಗೆ ಸ್ವಂತ ದುಡ್ಡಲ್ಲಿ ಪೆಟ್ರೋಲ್ ಹಾಕಿಸಿದ್ದರು. ಫಾರಂ, ರಸೀದಿ, ಬ್ಯಾಂಕ್ ಪತ್ರ ಅಂತ ಓಡಾಡಿ, ಅವರ ಹಣ ತಲುಪುವಷ್ಟರಲ್ಲಿ ಐದು ತಿಂಗಳಾಗಿತ್ತು. ಅಷ್ಟು ಹೊತ್ತಿಗೆ ಆ ಮಂಜುಗಡ್ಡೆಯೂ ಕರಗಿತ್ತು.