ಹೊಸ್ತಿಲಿನ ಬೆಲೆ

ಚೀನಾದ ಲೇಖಕ ಲೂ ಷುನ್ 1924ರಲ್ಲಿ ಬರೆದ ‘ಹೊಸ ವರ್ಷದ ಬಲಿ’ ಎಂಬ ಕಥೆಯಲ್ಲಿ ಮನೆಗೆಲಸದ ಹೆಂಗಸೊಬ್ಬಳು ಒಂದು ಹೊಸ್ತಿಲನ್ನು ಕೊಳ್ಳುತ್ತಾಳೆ. ಊರಿನ ಪಶ್ಚಿಮ ತುದಿಯಲ್ಲಿರುವ ಗುಡಿಗೆ ಅದನ್ನು ಅರ್ಪಿಸಬೇಕು. ಗುಡಿಯವನು ಮೊದಲು ಒಪ್ಪುವುದಿಲ್ಲ. ಇವಳು ಕಣ್ಣೀರು ಹಾಕಿದ ಮೇಲೆ ಒಲ್ಲದ ಮನಸ್ಸಿನಿಂದ ಬೆಲೆ ಹೇಳುತ್ತಾನೆ: 12,000 ತಾಮ್ರದ ಕಾಸು. ಅವಳು ಮೊದಲ ಸಲ ಕೆಲಸಕ್ಕೆ ಸೇರಿದಾಗ ಗೊತ್ತುಮಾಡಿದ ಸಂಬಳ ತಿಂಗಳಿಗೆ 500 ಕಾಸು. ತರಗತಿಯಲ್ಲಿ ಈ ಭಾಗ ಬಂದಾಗ ನಾನು ಓದು ನಿಲ್ಲಿಸಿ, ಭಾಗಾಕಾರ ಮಾಡಿ ಎನ್ನುತ್ತೇನೆ. ಇಪ್ಪತ್ತನಾಲ್ಕು ತಿಂಗಳು. ಆ ಸಂಬಳದ ಲೆಕ್ಕದಲ್ಲಿ ಎರಡು ವರ್ಷ ನೆಲ ತೊಳೆದು, ಕೋಳಿ ಕೊಯ್ದು, ಹಬ್ಬದ ಹಿಂದಿನ ರಾತ್ರಿಯೆಲ್ಲ ಒಲೆಯ ಮುಂದೆ ನಿಂತು ದುಡಿದ ದುಡ್ಡು ಒಂದು ಹೊಸ್ತಿಲಿಗೆ.

ಅವಳಿಗೆ ಸ್ವಂತ ಹೆಸರಿಲ್ಲ. ಊರವರು ಕರೆಯುವುದು ‘ಷಿಯಾಂಗ್‌ಲಿನ್‌ನ ಹೆಂಡತಿ’ ಎಂದು. ಷಿಯಾಂಗ್‌ಲಿನ್ ಅವಳ ಮೊದಲ ಗಂಡ. ಅವನು ಸತ್ತ ಮೇಲೆ ಅತ್ತೆಯ ಮನೆಯಿಂದ ಓಡಿಬಂದು ಕೆಲಸಕ್ಕೆ ಸೇರಿದವಳನ್ನು ಅತ್ತೆ ಪತ್ತೆಹಚ್ಚಿ ಎಳೆದೊಯ್ಯುತ್ತಾಳೆ, ಸಂಬಳವನ್ನೂ ಒಯ್ಯುತ್ತಾಳೆ, ಬೆಟ್ಟದ ಮೇಲಿನವನೊಬ್ಬನಿಗೆ ಹಣಕ್ಕೆ ಕೊಟ್ಟು ಮದುವೆ ಮಾಡಿಸುತ್ತಾಳೆ. ಈ ಮದುವೆ ಬೇಡವೆಂದು ಅವಳು ಹಣೆಯನ್ನು ಮೇಜಿನ ಮೂಲೆಗೆ ಚಚ್ಚಿಕೊಂಡಿದ್ದರ ಕಲೆ ಕೊನೆಯವರೆಗೂ ಉಳಿಯುತ್ತದೆ. ಎರಡನೆಯ ಗಂಡನೂ ಜ್ವರದಿಂದ ಸಾಯುತ್ತಾನೆ. ಮಗುವನ್ನು ತೋಳ ಎಳೆದೊಯ್ಯುತ್ತದೆ. ಮತ್ತೆ ಅದೇ ಮನೆಗೆ ಕೆಲಸಕ್ಕೆ ಬಂದವಳನ್ನು ಊರು ಕರೆಯುವುದು ಅದೇ ಹಳೆಯ ಹೆಸರಿನಿಂದ.

ಹೊಸ್ತಿಲಿನ ಉಪಾಯ ಹೇಳಿಕೊಟ್ಟವಳು ಲಿಯೂ ಎಂಬ ಇನ್ನೊಬ್ಬ ಕೆಲಸದವಳು. ಸಸ್ಯಾಹಾರಿ, ದೈವಭಕ್ತೆ, ಜೀವ ತೆಗೆಯುವ ಕೆಲಸಕ್ಕೆ ಕೈ ಹಚ್ಚದವಳು. ನೀನು ಸತ್ತು ಪರಲೋಕಕ್ಕೆ ಹೋದಾಗ ಇಬ್ಬರು ಗಂಡಂದಿರ ಪ್ರೇತಗಳೂ ನಿನಗಾಗಿ ಜಗಳವಾಡುತ್ತವೆ, ಯಮರಾಜ ನಿನ್ನನ್ನು ಗರಗಸದಲ್ಲಿ ಎರಡು ಸೀಳಾಗಿ ಕೊಯ್ದು ಹಂಚಿಕೊಡಬೇಕಾಗುತ್ತದೆ ಎಂದು ಅವಳೇ ಹೇಳುತ್ತಾಳೆ. ಪರಿಹಾರವನ್ನೂ ಅವಳೇ ಸೂಚಿಸುತ್ತಾಳೆ: ಗುಡಿಗೊಂದು ಹೊಸ್ತಿಲು ಕೊಡು, ನಿನ್ನ ಬದಲಿಗೆ ಅದನ್ನು ಸಾವಿರ ಜನ ತುಳಿಯಲಿ, ಹತ್ತು ಸಾವಿರ ಜನ ದಾಟಲಿ, ನಿನ್ನ ಪಾಪ ಕಳೆಯುತ್ತದೆ.

ಹೊಸ್ತಿಲು ಕೊಟ್ಟು ಬಂದ ದಿನ ಅವಳ ಮುಖದಲ್ಲಿ ಬೆಳಕಿರುತ್ತದೆ. ಚಳಿಗಾಲದಲ್ಲಿ ಪಿತೃಪೂಜೆಗೆ ಅಣಿಯಾಗುವಾಗ ಇನ್ನು ತನಗೂ ಅರ್ಹತೆ ಬಂತೆಂದು ನಂಬಿ ಮದ್ಯದ ಬಟ್ಟಲುಗಳನ್ನೂ ಊಟದ ಕಡ್ಡಿಗಳನ್ನೂ ತರಲು ಹೋಗುತ್ತಾಳೆ. ಒಡತಿ ಗಾಬರಿಯಿಂದ ಕೂಗುತ್ತಾಳೆ: ಅದನ್ನು ಅಲ್ಲೇ ಬಿಡು! ಕೆಂಡ ಮುಟ್ಟಿದವಳಂತೆ ಕೈ ಹಿಂದಕ್ಕೆ ಬರುತ್ತದೆ. ಅಲ್ಲಿಂದ ಮುಂದೆ ಅವಳು ಬದುಕಿರುವುದಿಲ್ಲ, ಉಸಿರಾಡುತ್ತಿರುತ್ತಾಳೆ ಅಷ್ಟೆ.

ಜಗತ್ತಿನ ಸಾಹಿತ್ಯವನ್ನು ಪಾಠ ಮಾಡುವುದು ನನ್ನ ವೃತ್ತಿ. ಪ್ರತಿ ವರ್ಷವೂ ಈ ಕಥೆ ಮುಗಿದ ಕೂಡಲೇ ಏಳುವ ಪ್ರಶ್ನೆ ಒಂದೇ: ಇಲ್ಲಿ ಕೆಟ್ಟವರು ಯಾರು? ಕೆಲವರು ಅತ್ತೆ ಎನ್ನುತ್ತಾರೆ. ಕೆಲವರು ಮನೆಯ ಯಜಮಾನ ಎನ್ನುತ್ತಾರೆ. ಪೂಜೆಯ ಪದಾರ್ಥಗಳನ್ನು ಇವಳು ಮುಟ್ಟಿದರೆ ಪಿತೃಗಳು ಸ್ವೀಕರಿಸುವುದಿಲ್ಲ ಎಂದು ಹೆಂಡತಿಗೆ ಮೊದಲೇ ಎಚ್ಚರಿಸಿದವನು ಅವನು. ಲಿಯೂ ಹೆಸರನ್ನು ಹೇಳುವವರು ಅಪರೂಪ. ನಾನು ಮಕ್ಕಳನ್ನು ನಿಲ್ಲಿಸುವುದು ಅಲ್ಲಿಯೇ. ಆ ಕಟ್ಟಳೆಯಿಂದ ಅವಳಿಗೆ ಬಿಡಿಗಾಸಿನ ಲಾಭವಿಲ್ಲ. ಅದೇ ಮನೆಯಲ್ಲಿ ಅವಳೂ ಬಾಡಿಗೆಯ ಕೈ. ಆದರೂ ಗರಗಸದ ಮಾತು ಯಜಮಾನನ ಬಾಯಿಂದ ಬರಲಿಲ್ಲ, ಅವಳ ಬಾಯಿಂದ ಬಂತು. ಒಳ್ಳೆಯದಾಗಲಿ ಎಂಬ ದನಿಯಲ್ಲೇ ಬಂತು.

ಅಧಿಕಾರದ ಬಗ್ಗೆ ಬರೆದ ದೊಡ್ಡ ಕೃತಿಗಳನ್ನು ಓದುವಾಗ ಚಾಟಿ ಯಾರ ಕೈಯಲ್ಲಿದೆ ಎಂದು ನೋಡುವುದು ಸುಲಭ. ಕಟ್ಟಳೆ ಯಾರ ಬಾಯಿಂದ ಬರುತ್ತಿದೆ, ಆಡುವವರಿಗೆ ಅದರಿಂದ ಏನು ಸಿಗುತ್ತದೆ ಎಂದು ಕೇಳುವುದನ್ನು ರೂಢಿಸಿಕೊಳ್ಳಬೇಕು. ಏನೂ ಸಿಗದವರು ಅದನ್ನು ನಂಬಿ ಆಡುತ್ತಿದ್ದಾರೆ ಎಂದು ಕಂಡರೆ, ಅಧಿಕಾರದ ಕೆಲಸ ಮುಗಿದು ಅದು ಸಂಪ್ರದಾಯವಾಗಿ ನೆಲೆಯೂರಿದೆ ಎಂದು ತಿಳಿಯಬಹುದು. ಅಲ್ಲಿಂದ ಮುಂದೆ ಅದಕ್ಕೆ ಕಾವಲು ಬೇಕಿಲ್ಲ. ಲೂ ಷುನ್ 1918ರ ತಮ್ಮ ‘ಹುಚ್ಚನ ದಿನಚರಿ’ಯಲ್ಲಿ ಇದನ್ನು ನೇರವಾಗಿಯೇ ಹೇಳಿದ್ದರು. ಅಲ್ಲಿಯ ಹುಚ್ಚ ಚರಿತ್ರೆಯ ಪುಸ್ತಕ ತೆರೆದರೆ ಪುಟಪುಟದಲ್ಲೂ ಧರ್ಮ, ಸದ್ಗುಣ ಎಂಬ ಅಕ್ಷರಗಳೇ ಇರುತ್ತವೆ. ನಡುರಾತ್ರಿಯವರೆಗೆ ಕಣ್ಣಿಟ್ಟು ಓದಿದಾಗ ಸಾಲುಗಳ ನಡುವೆ ‘ಮನುಷ್ಯರನ್ನು ತಿನ್ನು’ ಎಂದು ಬರೆದಿರುವುದು ಕಾಣುತ್ತದೆ. ಆ ಕಥೆ ಸಿಡಿಲು. ಹೊಸ್ತಿಲಿನ ಕಥೆಯಲ್ಲಿ ಸದ್ದೇ ಇಲ್ಲ, ನನ್ನನ್ನು ಹೆಚ್ಚು ಕಾಡಿದ್ದು ಅದೇ.

ಲಿಯೂಳ ಬಾಯಿಯೂ ಬೇಡವಾಗುವ ಹಂತವೊಂದಿದೆ. ಮಾರ್ಕ್ ಟ್ವೇನ್‌ನ ಹಕಲ್‌ಬೆರಿ ಫಿನ್, ಓಡಿಹೋದ ಗುಲಾಮ ಜಿಮ್‌ನೊಡನೆ ಮಿಸಿಸಿಪಿ ನದಿಯಲ್ಲಿ ತೆಪ್ಪದ ಮೇಲೆ ಸಾಗುವ ಹುಡುಗ. ಜಿಮ್ ಸಿಕ್ಕಿಬಿದ್ದಾಗ ಹಕ್‌ಗೆ ಪಾಪಪ್ರಜ್ಞೆ ಕಾಡುತ್ತದೆ, ಆದರೆ ಜಿಮ್‌ನ ಒಡತಿಯ ಕುರಿತು: ತನಗೆ ಯಾವ ಕೇಡನ್ನೂ ಮಾಡದ ಆ ಮುದುಕಿಯ ಸ್ವತ್ತನ್ನು ಕದ್ದೆನಲ್ಲ ಎಂದು. ನಿಮ್ಮ ಗುಲಾಮ ಇಲ್ಲಿದ್ದಾನೆ ಎಂದು ಅವಳಿಗೆ ಕಾಗದ ಬರೆಯುತ್ತಾನೆ. ಬರೆದ ಕೂಡಲೇ ಪಾಪವೆಲ್ಲ ತೊಳೆದುಹೋದಂತೆ ಹಗುರವಾಗುತ್ತಾನೆ. ಆಮೇಲೆ ಕಾಗದವನ್ನು ಕೆಳಗಿಟ್ಟು ಯೋಚಿಸುತ್ತಾನೆ. ತನ್ನನ್ನು ಎಬ್ಬಿಸದೆ ತನ್ನ ಪಾಳಿಯ ಕಾವಲನ್ನೂ ಜಿಮ್ ಕಾದದ್ದು ನೆನಪಾಗುತ್ತದೆ. ಕೊನೆಗೆ ಉಸಿರು ಬಿಗಿಹಿಡಿದು, ಸರಿ, ಹಾಗಾದರೆ ನರಕಕ್ಕೇ ಹೋಗುತ್ತೇನೆ ಎಂದು ಕಾಗದ ಹರಿದುಹಾಕುತ್ತಾನೆ.

ಈ ಸಾಲನ್ನು ಓದಿದ ವಿದ್ಯಾರ್ಥಿಗಳು ಚಪ್ಪಾಳೆ ತಟ್ಟುವುದುಂಟು. ಹಕ್ ಗುಲಾಮಗಿರಿ ತಪ್ಪೆಂದು ಎಲ್ಲಿಯಾದರೂ ಹೇಳುತ್ತಾನೆಯೇ ಹುಡುಕಿ ಎಂದು ನಾನು ಕೇಳುತ್ತೇನೆ. ಆ ಗಳಿಗೆಯಲ್ಲಿ ಎಲ್ಲಿಯೂ ಹೇಳುವುದಿಲ್ಲ. ನರಕ ನಿಜವೆಂದೇ ನಂಬಿದ್ದಾನೆ, ತಾನು ಮಾಡುತ್ತಿರುವುದು ಕೆಟ್ಟ ಕೆಲಸವೆಂದೇ ನಂಬಿದ್ದಾನೆ. ಅವನ ಅಂತಃಸಾಕ್ಷಿಯನ್ನೇ ಊರು ತಯಾರಿಸಿಟ್ಟಿದೆ. ಅವನ ಪ್ರೀತಿ ಮಾತ್ರ ಅದಕ್ಕೆ ತಪ್ಪಿಸಿಕೊಂಡಿದೆ. ಈ ಕಾದಂಬರಿ ಪ್ರಕಟವಾದದ್ದು 1884–85ರಲ್ಲಿ, ಅಮೆರಿಕದಲ್ಲಿ ಗುಲಾಮಗಿರಿ ಕಾನೂನಿನಿಂದ ಅಳಿದು ಸುಮಾರು ಇಪ್ಪತ್ತು ವರ್ಷಗಳಾದ ಮೇಲೆ. ಕಾನೂನು ಹೋದರೂ ಆ ಅಂತಃಸಾಕ್ಷಿ ಎಲ್ಲಿಗೂ ಹೋಗಿರಲಿಲ್ಲ.

ಕಾಗದದ ಮಾತು ಬಂದಿತಲ್ಲ, ದಬ್ಬಾಳಿಕೆಗೆ ಕಾಗದ ಬಹಳ ಪ್ರಿಯವಾದ ವಸ್ತು. ನಾರ್ವೆಯ ನಾಟಕಕಾರ ಇಬ್ಸೆನ್‌ನ ‘ಗೊಂಬೆಮನೆ’ಯ (1879) ನೋರಾ ಗಂಡನ ಜೀವ ಉಳಿಸಲು ಸಾಲ ಮಾಡಿದವಳು. ಗಂಡನ ಒಪ್ಪಿಗೆಯಿಲ್ಲದೆ ಹೆಂಡತಿ ಸಾಲ ಮಾಡುವಂತಿರಲಿಲ್ಲ. ಹಾಗಾಗಿ ಜಾಮೀನಿಗೆ ಸಾಯುತ್ತಿದ್ದ ತಂದೆಯ ಸಹಿಯನ್ನು ತಾನೇ ಹಾಕಿದ್ದಳು. ತಂದೆ ತೀರಿಕೊಂಡದ್ದು ಸೆಪ್ಟೆಂಬರ್ 29, ಸಹಿಯ ಕೆಳಗಿನ ತಾರೀಕು ಅಕ್ಟೋಬರ್ 2. ಆ ಮೂರು ದಿನಗಳ ಅಂತರದಲ್ಲಿ ಅವಳ ಇಡೀ ಬದುಕು ಸಿಕ್ಕಿಬೀಳುತ್ತದೆ. ಕೊನೆಗೆ ಅವಳು ಗಂಡನನ್ನೂ ಮಕ್ಕಳನ್ನೂ ಬಿಟ್ಟು ಮನೆಯಿಂದ ಹೊರಟುಹೋಗುತ್ತಾಳೆ. ಜರ್ಮನಿಯಲ್ಲಿ ನೋರಾ ಪಾತ್ರ ಮಾಡಬೇಕಿದ್ದ ನಟಿ, ತಾಯಿಯಾದವಳು ಮಕ್ಕಳನ್ನು ಬಿಟ್ಟು ಹೋಗುವುದನ್ನು ಆಡಲಾರೆ ಎಂದಳು. ಬೇರೆ ಯಾರಾದರೂ ತಿದ್ದುವ ಮೊದಲು ಇಬ್ಸೆನ್ ತಾನೇ ಇನ್ನೊಂದು ಮುಕ್ತಾಯ ಬರೆದುಕೊಟ್ಟ, ಮಲಗಿದ ಮಕ್ಕಳನ್ನು ಕಂಡು ನೋರಾ ಕುಸಿಯುವ ಮುಕ್ತಾಯ. ಅದನ್ನು ಅವನೇ ನಾಟಕದ ಮೇಲಿನ ಕ್ರೂರ ಹಲ್ಲೆ ಎಂದು ಕರೆದ. ಲಿಯೂ ರಂಗಮಂದಿರದಲ್ಲೂ ಇರುತ್ತಾಳೆ.

ಆದರೆ ಕಾಗದದ ದಬ್ಬಾಳಿಕೆಯನ್ನು ರಷ್ಯಾದ ಲೇಖಕ ಗೊಗೊಲ್‌ನಷ್ಟು ಆಳಕ್ಕೆ ಬಗೆದವರು ನನಗೆ ಕಂಡಿಲ್ಲ. 1842ರ ‘ಸತ್ತ ಆತ್ಮಗಳು’ ಕಾದಂಬರಿಯ ಕಾಲಕ್ಕೆ ರಷ್ಯಾದಲ್ಲಿ ಜೀತದಾಳುಗಳು ಜಮೀನ್ದಾರರ ಸ್ವತ್ತು. 1861ರವರೆಗೂ ಹಾಗೆಯೇ ಇದ್ದರು. ಅವರನ್ನು ‘ಆತ್ಮ’ಗಳ ಲೆಕ್ಕದಲ್ಲಿ ಎಣಿಸುತ್ತಿದ್ದರು. ಆಳು ಸತ್ತರೂ ಮುಂದಿನ ಗಣತಿಯವರೆಗೆ ಪಟ್ಟಿಯಲ್ಲಿ ಬದುಕಿಯೇ ಇರುತ್ತಾನೆ, ಅವನ ತಲೆಗಂದಾಯ ಕಟ್ಟಲೇಬೇಕು. ಚಿಚಿಕೋವ್ ಎಂಬವನು ಹಳ್ಳಿಹಳ್ಳಿ ಸುತ್ತಿ ಈ ಸತ್ತವರನ್ನು ಕೊಳ್ಳುತ್ತಾನೆ. ಅವರನ್ನು ಬದುಕಿರುವವರೆಂದು ತೋರಿಸಿ ಅಡವಿಟ್ಟು ಸಾಲ ಎತ್ತುವುದು ಅವನ ಹಂಚಿಕೆ.

ಸೊಬಕೇವಿಚ್ ಎಂಬ ಜಮೀನ್ದಾರ ತಲೆಗೆ ನೂರು ರೂಬಲ್ ಎಂದು ಚೌಕಾಸಿ ಶುರುಮಾಡುತ್ತಾನೆ. ಸತ್ತವರಿಗೆ ಇಷ್ಟು ಬೆಲೆಯೇ ಎಂದರೆ ಅವರ ಗುಣಗಾನಕ್ಕೆ ತೊಡಗುತ್ತಾನೆ. ಗಾಡಿ ಮಾಡುವ ಮಿಖೇಯೆವ್‌ನ ಗಾಡಿ ಎಂದರೆ ಏನು! ಬಡಗಿ ಸ್ತೆಪಾನ್ ಪ್ರೊಬ್ಕಾನ ಮೈಕಟ್ಟೆಂದರೆ ಏನು! ಚಮ್ಮಾರ ಮಕ್ಸಿಮ್ ಉಳಿಯಿಂದ ಚುಚ್ಚಿದರೆ ಬೂಟು ಸಿದ್ಧ! ಅವರೆಲ್ಲ ಸತ್ತಿದ್ದಾರಲ್ಲ ಎಂದು ಚಿಚಿಕೋವ್ ನೆನಪಿಸಬೇಕಾಗುತ್ತದೆ. ವ್ಯವಹಾರ ಎರಡೂವರೆ ರೂಬಲ್‌ಗೆ ಕುದುರುತ್ತದೆ. ಆ ಜಮೀನ್ದಾರ ಅವರನ್ನು ಹೊಗಳಿದ್ದು ಮಾರುವಾಗ. ಈ ಮಾತನ್ನು ಹೇಳುವಾಗಲೆಲ್ಲ ನನ್ನ ಗಂಟಲು ಕಟ್ಟುತ್ತದೆ, ಅದನ್ನು ಮುಚ್ಚಿಡಲು ಹೋಗುವುದಿಲ್ಲ. ಒಬ್ಬ ಬಡಗಿಯ ಕೈಗುಣದ ಬಗ್ಗೆ ಅವನ ಒಡೆಯ ಬಾಯಿತುಂಬ ಮಾತಾಡಿದ ಏಕೈಕ ಸಂದರ್ಭ, ಅವನ ಹೆಸರಿಗೆ ಬೆಲೆ ಏರಿಸಬೇಕಾಗಿ ಬಂದ ಸಂದರ್ಭ. ಮಾಸ್ಕೋದ ಸೆನ್ಸಾರ್ ಅಧಿಕಾರಿಗಳಿಗೆ ತಕರಾರಾದದ್ದು ಶೀರ್ಷಿಕೆಯ ಬಗ್ಗೆ, ಆತ್ಮ ಸಾಯುವುದು ಹೇಗೆ ಎಂದು. ಆತ್ಮವನ್ನು ಮಾರುವುದು ಹೇಗೆ ಎಂಬ ಪ್ರಶ್ನೆ ಕಾನೂನಿಗೆ ಎಂದೂ ಬಂದಿರಲಿಲ್ಲ.

ಇಷ್ಟು ಓದಿದವರು ಸಂಪ್ರದಾಯವೆಂದರೆ ಅಧಿಕಾರದ ಹಳೆಯ ಅಂಗಿ ಎಂಬ ತೀರ್ಮಾನಕ್ಕೆ ಬರುವುದು ಸಹಜ. ನಾನೂ ವೃತ್ತಿಯ ಮೊದಲ ವರ್ಷಗಳಲ್ಲಿ ಹಾಗೆಯೇ ಪಾಠ ಮಾಡುತ್ತಿದ್ದೆ. ಅದು ತಪ್ಪೆಂದು ತೋರಿಸಿಕೊಟ್ಟದ್ದು ಪ್ರಾಚೀನ ಗ್ರೀಕ್ ನಾಟಕಕಾರ ಸೋಫೋಕ್ಲಿಸ್‌ನ ‘ಅಂತಿಗೊನೆ’. ಕ್ರಿ.ಪೂ. 441ರ ಸುಮಾರಿನ ಆ ನಾಟಕದಲ್ಲಿ ಹೊಸ ಆಜ್ಞೆ ಹೊರಡಿಸಿದವನು ದೊರೆ ಕ್ರಿಯಾನ್: ದೇಶದ ಮೇಲೆ ದಂಡೆತ್ತಿ ಬಂದವನ ಹೆಣವನ್ನು ಯಾರೂ ಮಣ್ಣು ಮಾಡಕೂಡದು. ಸತ್ತವನ ತಂಗಿ ಅಂತಿಗೊನೆ ಹಿಡಿಮಣ್ಣು ಹಾಕುತ್ತಾಳೆ. ನಿನ್ನೆ ಇಂದಿನದಲ್ಲದ, ಯಾವಾಗ ಹುಟ್ಟಿತೆಂದು ಯಾರಿಗೂ ತಿಳಿಯದ, ಬರೆಯದ ಕಟ್ಟಳೆ ತನ್ನ ಬೆನ್ನಿಗಿದೆ ಎನ್ನುತ್ತಾಳೆ. ಇಲ್ಲಿ ಸಂಪ್ರದಾಯ ನಿಂತಿರುವುದು ದುರ್ಬಲಳ ಪಕ್ಕದಲ್ಲಿ. ಊರು ಒಬ್ಬನ ಸ್ವತ್ತಾದರೆ ಅದು ಊರೇ ಅಲ್ಲ ಎಂದು ಕ್ರಿಯಾನ್‌ನ ಮಗನೇ ಅವನಿಗೆ ಹೇಳುತ್ತಾನೆ. ಎಲ್ಲರೂ ಈ ಮೂವರನ್ನೇ ಚರ್ಚಿಸುತ್ತಾರೆ. ನಾನು ಕಾವಲುಗಾರನ ಮಾತನ್ನು ಮತ್ತೆ ಓದಿಸುತ್ತೇನೆ. ಅಂತಿಗೊನೆಯನ್ನು ಹಿಡಿದು ತಂದವನು ಅವನು. ನಾನು ಪಾರಾದದ್ದು ಖುಷಿ, ಇನ್ನೊಬ್ಬರನ್ನು ಕಷ್ಟಕ್ಕೆ ನೂಕಿದ್ದು ನೋವು, ಆದರೂ ನನ್ನ ಜೀವದ ಮುಂದೆ ಅದೆಲ್ಲ ಸಣ್ಣದು ಎಂದು ಮುಚ್ಚುಮರೆಯಿಲ್ಲದೆ ಹೇಳುತ್ತಾನೆ. ಕ್ರಿಯಾನ್‌ನ ಆಜ್ಞೆಯನ್ನು ಅವನು ನಂಬಿಲ್ಲ, ಬರೀ ಅಂಜಿದ್ದಾನೆ. ಲಿಯೂಗೂ ಇವನಿಗೂ ಇರುವ ಅಂತರ ಇದು. ಅಂಜಿಕೆಯ ಮೇಲೆ ನಿಂತ ಕ್ರಿಯಾನ್‌ನ ಆಟ ಒಂದೇ ದಿನದಲ್ಲಿ ಮುಗಿಯುತ್ತದೆ.

ಚಿನುವ ಅಚಿಬೆಯ ‘ಥಿಂಗ್ಸ್ ಫಾಲ್ ಅಪಾರ್ಟ್’ (1958) ಈ ಎರಡೂ ಮುಖಗಳನ್ನು ಒಟ್ಟಿಗೆ ಹಿಡಿಯುತ್ತದೆ. ನೈಜೀರಿಯದ ಇಗ್ಬೊ ಜನರ ಉಮುವೋಫಿಯ ಎಂಬಲ್ಲಿ ಒಕೊಂಕ್ವೊನ ಮನೆಯಲ್ಲಿ ಮೂರು ವರ್ಷ ಬೆಳೆದ ಹುಡುಗ ಇಕೆಮೆಫುನನನ್ನು ಕೊಲ್ಲಬೇಕೆಂದು ದೈವವಾಣಿಯಾಗುತ್ತದೆ. ಆ ಹುಡುಗ ನಿನ್ನನ್ನು ಅಪ್ಪ ಎನ್ನುತ್ತಾನೆ, ಅವನ ಸಾವಿನಲ್ಲಿ ನಿನ್ನ ಕೈ ಇರಬಾರದು ಎಂದು ಊರಿನ ಹಿರಿಯನೇ ಬಂದು ಹೇಳಿಹೋಗುತ್ತಾನೆ. ಹಾಗಾದರೆ ಸಂಪ್ರದಾಯ ಬಾಗಿಲೊಂದನ್ನು ತೆರೆದೇ ಇಟ್ಟಿತ್ತು. ಗೆಳೆಯ ಒಬಿಯೆರಿಕ ಆ ಬಾಗಿಲಿನಿಂದಲೇ ಹೊರಗುಳಿದ. ಅಪ್ಪಾ ಎಂದು ಓಡಿಬಂದವನನ್ನು ಒಕೊಂಕ್ವೊ ಕಡಿದದ್ದು ತಾನು ಅಳ್ಳೆದೆಯವನೆಂದು ಜನ ತಿಳಿದಾರೆಂಬ ಭಯದಿಂದ. ಅದೇ ಊರು ಅವಳಿ ಮಕ್ಕಳನ್ನು ಕಾಡಿಗೆ ಎಸೆಯುತ್ತಿತ್ತು, ‘ಒಸು’ ಎಂಬವರನ್ನು ದೂರ ಇಟ್ಟಿತ್ತು. ಹೊಸ ಚರ್ಚಿಗೆ ಮೊದಮೊದಲು ಹೋದವರಲ್ಲಿ ಆ ತಾಯಂದಿರೂ ಆ ದೂರ ಇಟ್ಟವರೂ ಇದ್ದರು. ಚರ್ಚಿನ ಬೆನ್ನಿಗೇ ಬಿಳಿಯರ ಕೋರ್ಟು, ಸೆರೆಮನೆಗಳೂ ಬಂದವು. ಕೊನೆಗೆ ಬಿಳಿಯ ಅಧಿಕಾರಿ, ಒಕೊಂಕ್ವೊನ ಬಗ್ಗೆ ತನ್ನ ಪುಸ್ತಕದಲ್ಲಿ ಒಂದು ಅಧ್ಯಾಯ ಬರೆಯಬಹುದು, ಬೇಡ, ಒಂದು ಪ್ಯಾರಾ ಸಾಕು ಎಂದುಕೊಳ್ಳುತ್ತಾನೆ.

ಆ ಅಧಿಕಾರಿಯಷ್ಟು ದೂರದವನಲ್ಲದ, ನಮ್ಮಂತೆ ಓದುಬರಹ ಬಲ್ಲ ಒಬ್ಬ ಲೂ ಷುನ್ ಕಥೆಯಲ್ಲಿದ್ದಾನೆ. ಕಥೆ ಹೇಳುವವನು. ಭಿಕ್ಷೆ ಬೇಡುವ ಸ್ಥಿತಿಗೆ ಬಂದ ಷಿಯಾಂಗ್‌ಲಿನ್‌ನ ಹೆಂಡತಿ ದಾರಿಯಲ್ಲಿ ಅವನನ್ನು ತಡೆಯುತ್ತಾಳೆ. ನೀವು ಓದಿದವರು, ಹೊರಗಿನ ಲೋಕ ಕಂಡವರು, ಒಂದು ಮಾತು ಹೇಳಿ: ಸತ್ತ ಮೇಲೆ ಆತ್ಮ ಇರುತ್ತದೆಯೋ ಇಲ್ಲವೋ? ಅವನು ತಡವರಿಸುತ್ತಾನೆ. ಇರಬಹುದು ಎನ್ನುತ್ತಾನೆ. ಹಾಗಾದರೆ ನರಕವೂ ಇದೆಯೇ ಎಂದಾಗ ಬೆಚ್ಚುತ್ತಾನೆ. ಕೊನೆಗೆ, ಖಚಿತವಾಗಿ ಹೇಳಲಾರೆ ಎಂದು ಜಾರಿಕೊಳ್ಳುತ್ತಾನೆ. ಎಷ್ಟು ಉಪಯೋಗಕ್ಕೆ ಬರುವ ಮಾತು ಇದು, ಯಾವ ಹೊಣೆಯೂ ಮೈಮೇಲೆ ಬರುವುದಿಲ್ಲ ಎಂದು ಸಮಾಧಾನಪಟ್ಟುಕೊಳ್ಳುತ್ತಾನೆ.

ಮರುದಿನ ಅವಳು ಸತ್ತ ಸುದ್ದಿ ಬರುತ್ತದೆ. ಯಾವಾಗ ಸತ್ತಳು ಎಂದು ಆಳನ್ನು ಕೇಳುತ್ತಾನೆ. ನಿನ್ನೆ ರಾತ್ರಿಯೋ ಇವತ್ತೋ ಇರಬೇಕು, ಖಚಿತವಾಗಿ ಹೇಳಲಾರೆ ಎನ್ನುತ್ತಾನೆ ಆಳು. ಹೇಗೆ ಸತ್ತಳು ಎಂಬುದಕ್ಕೆ ಮಾತ್ರ ತಡಮಾಡದೆ ಉತ್ತರ ಬರುತ್ತದೆ: ಇನ್ನು ಹೇಗೆ, ಬಡತನದಿಂದ.