ಬೆಚ್ಚಗಿನ ಮನೆಗೆ ಬೇಕಿರುವುದು ಬಿಸಿ ಗಾಳಿಯಲ್ಲ

ನಾಲ್ಕು ಟೀ ಲೈಟ್, ಅಂದರೆ ಪುಟ್ಟ ಬಟ್ಟಲಿನಲ್ಲಿ ಬರುವ ಮೇಣದಬತ್ತಿ, ಹಚ್ಚಿ. ಅವುಗಳ ಮೇಲೆ ಮಣ್ಣಿನ ಹೂಕುಂಡವೊಂದನ್ನು ಬೋರಲು ಹಾಕಿ. ಇಡೀ ಕೋಣೆ ಬೆಚ್ಚಗಾಗುತ್ತದೆ! ಹೀಗೆ ಹೇಳುವ ವಿಡಿಯೋಗಳು ಚಳಿ ದೇಶಗಳಲ್ಲಿ ಎಲೆ ಉದುರುವ ಕಾಲ ಬಂದರೆ ಸಾಕು, ಮತ್ತೆ ಓಡಾಡಲು ಶುರುವಾಗುತ್ತವೆ. 2022ರಲ್ಲಿ ಯುರೋಪಿನಲ್ಲಿ ಗ್ಯಾಸ್ ದರ ಸಿಕ್ಕಾಪಟ್ಟೆ ಏರಿದಾಗಂತೂ ಇವಕ್ಕೆ ಬಿಡುವೇ ಇರಲಿಲ್ಲ. ಖರ್ಚು ಕಡಿಮೆ, ನೋಡಲೂ ಚಂದ. ಇಂಗ್ಲೆಂಡಿನ ಹಳೇ ಬಾಡಿಗೆ ಮನೆಯಲ್ಲಿ ಮೊದಲ ಅಕ್ಟೋಬರ್ ಕಳೆಯುತ್ತಿರುವ ನಮ್ಮ ಹುಡುಗ ಹುಡುಗಿಯರಿಗೆ ಆಸೆ ಹುಟ್ಟುವುದು ಸಹಜ. ಆದರೆ ಲೆಕ್ಕ ಕೂಡುವುದಿಲ್ಲ.

ಒಂದು ಟೀ ಲೈಟಿನಲ್ಲಿ ಸುಮಾರು 14 ಗ್ರಾಂ ಮೇಣ ಇರುತ್ತದೆ. ನಾಲ್ಕು ಗಂಟೆ ಉರಿಯುತ್ತದೆ. ಒಂದು ಗ್ರಾಂ ಮೇಣ ಉರಿದರೆ ಸುಮಾರು 43 ಕಿಲೋಜೂಲ್ ಶಾಖ ಬರುತ್ತದೆ. ಗುಣಿಸಿ ಭಾಗಿಸಿದರೆ ಒಂದು ಬತ್ತಿಗೆ 40 ವ್ಯಾಟ್ ಆಸುಪಾಸು. ನಾಲ್ಕಕ್ಕೆ 160 ವ್ಯಾಟ್. ಸಾಧಾರಣ ರೂಮ್ ಹೀಟರ್ 1500ರಿಂದ 2000 ವ್ಯಾಟ್ ಕೊಡುತ್ತದೆ. ಬತ್ತಿಗಳ 160 ವ್ಯಾಟ್‌ಗೆ ಹೂಕುಂಡ ಒಂದು ವ್ಯಾಟನ್ನೂ ಸೇರಿಸಲಾರದು. ಬತ್ತಿಯ ಶಾಖವನ್ನು ತಾನು ಸ್ವಲ್ಪ ಹೊತ್ತು ಇಟ್ಟುಕೊಂಡು ಆಮೇಲೆ ಬಿಡುತ್ತದೆ, ಅಷ್ಟೇ. ಕುಂಡ ಮುಟ್ಟಿದರೆ ಸುಡುತ್ತದೆ ನಿಜ. ಒಂದು ವಸ್ತು ಸುಡುವುದಕ್ಕೂ ಕೋಣೆ ಬೆಚ್ಚಗಾಗುವುದಕ್ಕೂ ಬಹಳ ದೂರ. ಜೊತೆಗೆ ಅಪಾಯವೂ ಇದೆ. ಬತ್ತಿಗಳನ್ನು ಒತ್ತೊತ್ತಾಗಿಟ್ಟು ಮೇಲೆ ಮುಚ್ಚಿದಾಗ ಮೇಣ ಕರಗಿ, ಕಾದು, ಆವಿಯಾಗಿ, ಬಟ್ಟಲಿನ ಅಷ್ಟೂ ಮೇಣ ಒಟ್ಟಿಗೇ ಹೊತ್ತಿಕೊಳ್ಳಬಹುದು. ಗಾಬರಿಯಲ್ಲಿ ಅದಕ್ಕೆ ನೀರು ಸುರಿದರೆ ಬೆಂಕಿ ಚಿಮ್ಮುತ್ತದೆ. ದಯವಿಟ್ಟು ಈ ಪ್ರಯೋಗ ಬೇಡ.

ಹಾಗಾದರೆ ಕಡಿಮೆ ದುಡ್ಡಿನಲ್ಲಿ ಮನೆಯನ್ನು ಬೆಚ್ಚಗೆ, ಹಿತವಾಗಿ ಮಾಡಿಕೊಳ್ಳಲು ಆಗುವುದೇ ಇಲ್ವಾ? ಖಂಡಿತ ಆಗುತ್ತದೆ. ಅದಕ್ಕೆ ಮೊದಲು ನಮ್ಮ ತಲೆಯಲ್ಲಿ ಗಟ್ಟಿಯಾಗಿ ಕೂತಿರುವ ಒಂದು ನಂಬಿಕೆಯನ್ನು ಬಿಡಬೇಕು: ಗಾಳಿ ಬಿಸಿಯಾದರೆ ನಾವು ಬೆಚ್ಚಗಾಗುತ್ತೇವೆ ಎಂಬುದು.

ಎರಡು ಕೋಣೆ ಇವೆ ಎಂದುಕೊಳ್ಳಿ. ಎರಡರಲ್ಲೂ ಗಾಳಿ 20 ಡಿಗ್ರಿ. ಒಂದರಲ್ಲಿ ಕೂತರೆ ಹಾಯಾಗಿರುತ್ತದೆ. ಇನ್ನೊಂದರಲ್ಲಿ ಬೆನ್ನು ಜುಂ ಎನ್ನುತ್ತದೆ. ಥರ್ಮಾಮೀಟರಿಗೆ ಈ ವ್ಯತ್ಯಾಸ ಕಾಣುವುದಿಲ್ಲ, ಮೈಗೆ ಗೊತ್ತಾಗುತ್ತದೆ. ಕಾರಣ ಗೋಡೆ ಮತ್ತು ಕಿಟಕಿ.

ಬಿಸಿಯಿರಲಿ, ತಣ್ಣಗಿರಲಿ, ಪ್ರತಿಯೊಂದು ವಸ್ತುವೂ ಕಣ್ಣಿಗೆ ಕಾಣದ ಬೆಳಕನ್ನು ಸೂಸುತ್ತಲೇ ಇರುತ್ತದೆ. ಅದೇ ಅವಕೆಂಪು, ಅಂದರೆ ಇನ್‌ಫ್ರಾರೆಡ್ ಕಿರಣ. ನಮ್ಮ ಚರ್ಮ ಸುಮಾರು 33 ಡಿಗ್ರಿ ಇರುತ್ತದೆ. ಅದರ ಪ್ರತಿ ಚದರ ಮೀಟರ್‌ನಿಂದ 500 ವ್ಯಾಟ್‌ನಷ್ಟು ಶಾಖ ಹೀಗೆ ಹೊರಗೆ ಹೋಗುತ್ತಿರುತ್ತದೆ. ಅಬ್ಬಾ, ಹಾಗಿದ್ದರೆ ನಾವು ಹೆಪ್ಪುಗಟ್ಟಬೇಕಿತ್ತಲ್ಲ? ಗಟ್ಟುವುದಿಲ್ಲ, ಯಾಕೆಂದರೆ ಗೋಡೆಗಳೂ ನಮ್ಮ ಕಡೆಗೆ ಸೂಸುತ್ತಿರುತ್ತವೆ. ಇದು ಮದುವೆ ಮನೆಯ ಮುಯ್ಯಿಯ ಹಾಗೆ. ನೀವು 500 ಕೊಡುತ್ತೀರಿ. 20 ಡಿಗ್ರಿಯ ಗೋಡೆ 418 ವಾಪಸ್ ಕೊಡುತ್ತದೆ. ಕೈಬಿಟ್ಟು ಹೋಗುವುದು 80ರಷ್ಟು ಮಾತ್ರ. ಅದನ್ನು ಊಟದಿಂದ ತುಂಬಿಕೊಳ್ಳಬಹುದು. ಆದರೆ ಎದುರಿಗೆ 10 ಡಿಗ್ರಿಯ ಕಿಟಕಿ ಗಾಜು ಇದ್ದರೆ? ಅದು ಕೊಡುವುದು 364. ನೀವು ಕೊಡುವುದರಲ್ಲಿ ಒಂದು ಪೈಸೆ ಕಡಿಮೆಯಾಗಿಲ್ಲ, ಬರುವ ಮುಯ್ಯಿ ಕಡಿಮೆಯಾಯಿತು. ಅದನ್ನೇ ನಾವು ‘ಕಿಟಕಿಯಿಂದ ಚಳಿ ಹೊಡೀತಿದೆ’ ಅನ್ನುತ್ತೇವೆ. ವಿಜ್ಞಾನದ ಲೆಕ್ಕದಲ್ಲಿ ಚಳಿ ಎಂಬುದು ಎಲ್ಲಿಂದಲೂ ಹೊಡೆಯುವುದಿಲ್ಲ. ಬರಬೇಕಾದ ಶಾಖ ಬರುತ್ತಿಲ್ಲ, ಅಷ್ಟೇ.

ಬಟ್ಟೆ ತೊಟ್ಟಾಗ ಈ ಅಂಕಿಗಳು ಇಳಿಯುತ್ತವೆ, ಲೆಕ್ಕದ ರೀತಿ ಮಾತ್ರ ಅದೇ. ಗಾಳಿ ಆಡದ ಕೋಣೆಯಲ್ಲಿ ಮೈಗಾಗುವ ಅನುಭವದಲ್ಲಿ ಗಾಳಿಯ ಉಷ್ಣತೆ ಮತ್ತು ಸುತ್ತಲಿನ ಮೇಲ್ಮೈಗಳ ಉಷ್ಣತೆ ಎರಡರದೂ ಹೆಚ್ಚುಕಡಿಮೆ ಸಮಪಾಲು. ಗಾಳಿ 20, ಸುತ್ತಲಿನ ಗೋಡೆ ಗಾಜುಗಳ ಸರಾಸರಿ 16 ಇದ್ದರೆ ಮೈಗೆ 18ರ ಅನುಭವ. ಡೆನ್ಮಾರ್ಕಿನ ವಿಜ್ಞಾನಿ ಪೋವ್ಲ್ ಓಲೆ ಫಾಂಗರ್ ಇದನ್ನೆಲ್ಲ 1970ರಲ್ಲೇ ಕೂಲಂಕಷವಾಗಿ ಲೆಕ್ಕ ಹಾಕಿ ತೋರಿಸಿದ್ದರು. ಹಿತ ಎನ್ನುವುದು ಆರು ಸಂಗತಿಗಳ ಮೇಲೆ ನಿಂತಿದೆ ಎಂದರು: ಗಾಳಿಯ ಬಿಸಿ, ಸುತ್ತಲಿನ ಮೇಲ್ಮೈಗಳ ಬಿಸಿ, ಗಾಳಿಯ ವೇಗ, ತೇವ, ತೊಟ್ಟ ಬಟ್ಟೆ, ಮಾಡುತ್ತಿರುವ ಕೆಲಸ. ಹೀಟರ್ ಬಟನ್ ಒತ್ತಿದರೆ ಇವುಗಳಲ್ಲಿ ಮುಖ್ಯವಾಗಿ ಬದಲಾಗುವುದು ಮೊದಲನೆಯದು. ಅದಕ್ಕೇ ಜಾಸ್ತಿ ದುಡ್ಡು ಬೇಕಾಗುವುದು.

ಈ ಕಾಣದ ಕಿರಣ ಪತ್ತೆಯಾದ ಕಥೆ ನನಗೆ ತುಂಬಾ ಇಷ್ಟ. 1781ರಲ್ಲಿ ಯುರೇನಸ್ ಗ್ರಹ ಕಂಡುಹಿಡಿದ ವಿಲಿಯಂ ಹರ್ಷಲ್ ಮೂಲತಃ ಸಂಗೀತಗಾರರು. 1800ರಲ್ಲಿ ಅವರು ಬಿಸಿಲನ್ನು ಪಟ್ಟಕದಿಂದ ಬಣ್ಣಬಣ್ಣವಾಗಿ ಒಡೆದು, ಒಂದೊಂದು ಬಣ್ಣಕ್ಕೂ ಥರ್ಮಾಮೀಟರ್ ಹಿಡಿದು ನೋಡಿದರು. ನೇರಳೆಗಿಂತ ಕೆಂಪಿನಲ್ಲಿ ಪಾದರಸ ಜಾಸ್ತಿ ಏರಿತು. ಆಮೇಲೆ ಕೆಂಪನ್ನೂ ದಾಟಿ, ಬಣ್ಣವೇ ಇಲ್ಲದ ಕಡೆ ಥರ್ಮಾಮೀಟರ್ ಇಟ್ಟರು. ಅಲ್ಲಿ ಇನ್ನೂ ಜಾಸ್ತಿ ಏರಿತು! ಏನೂ ಕಾಣದ ಜಾಗದಲ್ಲಿ ಅಳೆದು ನೋಡಬೇಕು ಎಂದು ಅವರಿಗೆ ಹೊಳೆಯಿತಲ್ಲ, ಅದು ದೊಡ್ಡದು.

ಅದಕ್ಕೂ ಮೊದಲೇ, 1796ರಲ್ಲಿ, ಕೌಂಟ್ ರಮ್‌ಫೋರ್ಡ್ ಎಂಬಾತ ಇಂಗ್ಲೆಂಡಿನ ಅಗ್ಗಿಷ್ಟಿಕೆಗಳ ಬಗ್ಗೆ ಬರೆದಿದ್ದ. ಅಮೆರಿಕದಲ್ಲಿ ಹುಟ್ಟಿದವ, ಮೊದಲ ಹೆಸರು ಬೆಂಜಮಿನ್ ಥಾಂಪ್ಸನ್. ಬಿಸಿ ಗಾಳಿಯೆಲ್ಲ ಚಿಮಣಿಯಲ್ಲಿ ಮೇಲಕ್ಕೆ ಹೋಗುತ್ತದೆ, ಕೋಣೆಗೆ ದಕ್ಕುವುದು ಬೆಂಕಿ ಸೂಸುವ ಶಾಖ ಮಾತ್ರ ಎಂದು ಅವನಿಗೆ ಅರ್ಥವಾಗಿತ್ತು. ಹಾಗಾಗಿ ಆಳವಾಗಿದ್ದ ಒಲೆಯ ಆಳವನ್ನು ಕಡಿಮೆ ಮಾಡಿದ. ಅಕ್ಕಪಕ್ಕದ ಗೋಡೆಗಳನ್ನು ಓರೆ ಮಾಡಿ ಶಾಖ ಕೋಣೆಯ ಕಡೆ ತಿರುಗುವಂತೆ ಮಾಡಿದ. ಚಿಮಣಿಯ ಗಂಟಲನ್ನು ಕಿರಿದು ಮಾಡಿದ. ಸೌದೆ ಅಷ್ಟೇ, ಬೆಚ್ಚನೆ ಜಾಸ್ತಿ. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ 1799ರಲ್ಲಿ ಶುರುವಾಗಿದ್ದರ ಹಿಂದೆಯೂ ಇದೇ ಮನುಷ್ಯ ಇದ್ದ. ಅಲ್ಲೇ ಮುಂದೆ, 1848ರಲ್ಲಿ ಒಮ್ಮೆ, 1860ರಲ್ಲಿ ಮತ್ತೊಮ್ಮೆ, ಮೈಕೆಲ್ ಫ್ಯಾರಡೆ ಕ್ರಿಸ್‌ಮಸ್ ಹೊತ್ತಿಗೆ ಮಕ್ಕಳನ್ನು ಕೂರಿಸಿಕೊಂಡು ಬರೀ ಒಂದು ಮೇಣದಬತ್ತಿಯ ಬಗ್ಗೆ ಸಾಲು ಉಪನ್ಯಾಸ ಕೊಟ್ಟರು. ಕೋಟೆಗಳಲ್ಲಿ ವಾಸವಿದ್ದ ಹಳೇ ಕಾಲದ ಶ್ರೀಮಂತರು ಕಲ್ಲುಗೋಡೆಗೆ ದಪ್ಪ ನೇಯ್ಗೆಯ ಚಿತ್ರಪಟ ಇಳಿಬಿಡುತ್ತಿದ್ದದ್ದೂ ಬರೀ ಅಂದಕ್ಕಲ್ಲ. ತಣ್ಣನೆ ಕಲ್ಲಿಗೂ ಮೈಗೂ ನಡುವೆ ಒಂದು ಮರೆ ಬೇಕಿತ್ತು.

ಈಗ ಮನೆಗೆ ಬರೋಣ. ಹೊರಗೆ 5 ಡಿಗ್ರಿ, ಒಳಗೆ 20 ಇದ್ದಾಗ ಒಂಟಿ ಗಾಜಿನ ಒಳಮೈ 9-10 ಡಿಗ್ರಿಗೆ ಇಳಿದಿರುತ್ತದೆ. ಆದ್ದರಿಂದ ಮೊದಲ ಖರ್ಚು ಕಿಟಕಿಗೆ ಇರಲಿ. ದಪ್ಪ ಪರದೆಯೊಂದನ್ನು ಸಂಜೆಯಾಗುತ್ತಿದ್ದಂತೆ ಎಳೆದುಬಿಡಿ. ಪರದೆ ಬೇಗ ಕೋಣೆಯ ಬಿಸಿಗೆ ಹತ್ತಿರ ಬರುತ್ತದೆ. ಆಗ ನಿಮ್ಮ ಮೈ ಎದುರಿಸುವುದು ತಣ್ಣನೆ ಗಾಜನ್ನಲ್ಲ, ಬೆಚ್ಚನೆ ಬಟ್ಟೆಯನ್ನು. ಸೆಕೆಂಡ್ ಹ್ಯಾಂಡ್ ಅಂಗಡಿಯ ಪರದೆ ಸಾಕು. ಒಳಗಡೆಗೆ ಹಳೇ ಕಂಬಳಿ ಹೊಲಿದರೆ ಇನ್ನೂ ಒಳ್ಳೆಯದು. ಒಂದು ಎಚ್ಚರಿಕೆ: ಇಂಗ್ಲೆಂಡಿನಲ್ಲಿ ರೇಡಿಯೇಟರ್, ಅಂದರೆ ಒಳಗೆ ಬಿಸಿನೀರು ಹರಿದು ಕೋಣೆ ಕಾಯಿಸುವ ಲೋಹದ ಫಲಕ, ಬಹಳ ಸಲ ಕಿಟಕಿಯ ಕೆಳಗೇ ಇರುತ್ತದೆ. ಪರದೆ ಅದರ ಮೇಲೆ ಇಳಿಬಿದ್ದರೆ ಬಿಸಿ ಗಾಳಿಯೆಲ್ಲ ಪರದೆಯ ಹಿಂದೆ ಗಾಜಿಗೆ ಹೋಗುತ್ತದೆ. ದುಡ್ಡು ಕೊಟ್ಟು ಬೀದಿಯನ್ನು ಕಾಯಿಸಿದಂತೆ. ಪರದೆಯನ್ನು ಕಿಟಕಿಕಟ್ಟೆಯ ಮಟ್ಟಕ್ಕೆ ಕತ್ತರಿಸಿ, ಇಲ್ಲವೇ ರೇಡಿಯೇಟರಿನ ಹಿಂದೆ ಸಿಕ್ಕಿಸಿ.

ಎರಡನೆಯದಕ್ಕೆ ಖರ್ಚೇ ಇಲ್ಲ. ಸೋಫಾ ಸರಿಸಿ. ಹೊರಗೋಡೆಗೆ ಬೆನ್ನು ಕೊಟ್ಟು ಕೂರುವವರು ಒಳಗೋಡೆಯ ಕಡೆಗೆ ಬಂದರೆ ಸಾಕು, ವ್ಯತ್ಯಾಸ ಅದೇ ಸಂಜೆ ಗೊತ್ತಾಗುತ್ತದೆ. ಸರಿಸಲು ಜಾಗವಿಲ್ಲದಿದ್ದರೆ ಬೆನ್ನ ಹಿಂದಿನ ಗೋಡೆಗೆ ಕೌದಿ ತೂಗುಹಾಕಿ. ಉತ್ತರ ಕರ್ನಾಟಕದ ಮನೆಗಳಲ್ಲಿ ಹಳೇ ಸೀರೆ, ಧೋತರಗಳನ್ನು ಪದರ ಪದರ ಜೋಡಿಸಿ ಹೊಲಿಯುವ ಕೌದಿ, ಯಲ್ಲಾಪುರ, ಹಳಿಯಾಳದ ಕಡೆ ಸಿದ್ದಿ ಹೆಂಗಸರು ಹೊಲಿಯುವ ಕವಂದಿ, ಎರಡೂ ಈ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗಿವೆ. ಬಟ್ಟೆಗಿಂತ ಅದರ ಪದರಗಳ ನಡುವೆ ಸಿಕ್ಕಿಕೊಂಡ ಅಲುಗಾಡದ ಗಾಳಿಯೇ ಶಾಖವನ್ನು ತಡೆಯುವುದು. ಅಜ್ಜಿ ಹೊಲಿದ ಕೌದಿ ಬಣ್ಣದಲ್ಲೂ ಶರತ್ಕಾಲಕ್ಕೆ ಒಪ್ಪುತ್ತದೆ. ಗೋಡೆಯಲ್ಲಿ ತೇವ ಇದ್ದರೆ ಮಾತ್ರ ಆಗಾಗ ತೆಗೆದು ನೋಡಿ, ಹಿಂದೆ ಬೂಷ್ಟು ಕಟ್ಟಬಹುದು.

ಬಾಗಿಲ ಕೆಳಗಿನ ಸಂದಿಗೆ ಹಳೇ ಬಟ್ಟೆ ತುಂಬಿದ ಉದ್ದನೆ ಚೀಲ ಇಡಿ. ನೆಲಕ್ಕೊಂದು ಜಮಖಾನ ಹಾಸಿ. ಇಷ್ಟಾದ ಮೇಲೂ ಕೈಕಾಲು ತಣ್ಣಗಿದ್ದರೆ ಬಿಸಿನೀರಿನ ರಬ್ಬರ್ ಚೀಲ ಇದೆ. ಎರಡು ಲೀಟರ್ ನೀರನ್ನು 15ರಿಂದ 60 ಡಿಗ್ರಿಗೆ ಕಾಯಿಸಲು ಬೇಕಾಗುವುದು ಕರೆಂಟಿನ ಒಂದು ಯೂನಿಟ್‌ನ ಹತ್ತನೇ ಒಂದು ಭಾಗ. ಇಡೀ ಕೋಣೆಗೆ ಹಂಚಿದರೆ ಲೆಕ್ಕಕ್ಕೇ ಸಿಗದ ಶಾಖ ಅದು. ಮಡಿಲಲ್ಲಿ ಇಟ್ಟುಕೊಂಡರೆ ಗಂಟೆಗಟ್ಟಲೆ ಬರುತ್ತದೆ.

ಇನ್ನು ಬೆಳಕು. ಹಳದಿ ಬೆಳಕು ಕೋಣೆಯನ್ನು ಕಾಯಿಸುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಬಣ್ಣ ನೋಡಿ ಬೆಚ್ಚಗೆನಿಸುತ್ತದೆಯೇ ಎಂಬ ಪ್ರಯೋಗಗಳಲ್ಲೂ ಪರಿಣಾಮ ಸಣ್ಣದು, ಒಂದರ ಉತ್ತರ ಇನ್ನೊಂದಕ್ಕೆ ಹೊಂದುವುದಿಲ್ಲ. ಆದರೂ ಬಲ್ಬ್ ಬದಲಿಸಿ ಎಂದೇ ಹೇಳುತ್ತೇನೆ, ಕಾರಣ ಬೇರೆ. ನಮ್ಮ ಕಣ್ಣಿನಲ್ಲಿ ನೋಟಕ್ಕಲ್ಲದೆ, ಹಗಲೋ ರಾತ್ರಿಯೋ ಎಂದು ಮೆದುಳಿಗೆ ತಿಳಿಸಲಿಕ್ಕೆ ಇರುವ ಕೋಶಗಳಿವೆ. ಅವು ನೀಲಿ ಬೆಳಕಿಗೆ, 480 ನ್ಯಾನೋಮೀಟರ್ ಆಸುಪಾಸಿನ ಅಲೆಗಳಿಗೆ ಹೆಚ್ಚು ಸ್ಪಂದಿಸುತ್ತವೆ. ನಮ್ಮೂರುಗಳ ಟ್ಯೂಬ್‌ಲೈಟ್ ಅಭ್ಯಾಸದಲ್ಲಿ ಅಲ್ಲಿಯೂ 6500 ಕೆಲ್ವಿನ್‌ನ (ಬಲ್ಬಿನ ಬೆಳಕಿನ ಬಣ್ಣದ ಅಳತೆ) ಬಿಳಿ ಬಲ್ಬನ್ನು ಚಾವಣಿಗೆ ಹಾಕಿದರೆ ಸಂಜೆಯೆಲ್ಲ ಮೆದುಳಿಗೆ ಹಗಲೇ. ಅಕ್ಟೋಬರ್ ಕೊನೆಯ ಭಾನುವಾರ ಬ್ರಿಟನ್ನಿನ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಆಮೇಲೆ ಲಂಡನ್ನಿನಲ್ಲಿ ಐದು ಗಂಟೆಗೆ ಮೊದಲೇ ಸೂರ್ಯ ಮುಳುಗುತ್ತಾನೆ. ಅಷ್ಟುದ್ದದ ಸಂಜೆಗೆ 2700 ಕೆಲ್ವಿನ್‌ನ ಹಳದಿ ಬೆಳಕಿನ ಎರಡು ಸಣ್ಣ ದೀಪಗಳನ್ನು ಕಣ್ಣಮಟ್ಟಕ್ಕಿಂತ ಕೆಳಗೆ, ಮೂಲೆಯಲ್ಲಿಡಿ. ಮೇಣದಬತ್ತಿ ಬೇಕೇ ಬೇಕೆಂದರೆ ಒಂದು ಸಾಕು, ಬೆಳಕಿಗಾಗಿ. ಅದರ ಹಳದಿ ಬಣ್ಣ ಜ್ವಾಲೆಯೊಳಗೆ ಕಾದು ಹೊಳೆಯುವ ಮಸಿಯ ಕಣಗಳದ್ದು.

ಪರಿಮಳಕ್ಕೆ ದುಬಾರಿ ಸೆಂಟೆಡ್ ಕ್ಯಾಂಡಲ್ ಬೇಡ. ಅಲ್ಲಿನವರು ಶರತ್ಕಾಲದ ಪರಿಮಳ ಎಂದು ಮಾರುವ ‘ಪಂಪ್ಕಿನ್ ಸ್ಪೈಸ್’ನಲ್ಲಿ ಸಾಮಾನ್ಯವಾಗಿ ಇರುವುದು ಚಕ್ಕೆ, ಜಾಯಿಕಾಯಿ, ಒಣಶುಂಠಿ, ಲವಂಗ. ಹೆಸರಿಗೆ ಕುಂಬಳ, ಮಸಾಲೆಯಲ್ಲಿ ಕುಂಬಳವೇ ಇಲ್ಲ. ನಮ್ಮ ಡಬ್ಬಿಯಲ್ಲಿ ಇವೆಲ್ಲ ಇದ್ದೇ ಇವೆ. ಚೂರು ಚಕ್ಕೆ, ನಾಲ್ಕು ಲವಂಗ, ಕಿತ್ತಳೆ ಸಿಪ್ಪೆ ಹಾಕಿ ಸಣ್ಣ ಉರಿಯಲ್ಲಿ ಹತ್ತು ನಿಮಿಷ ಕುದಿಸಿದರೆ ಸಾಕು.

ಅಲಂಕಾರಕ್ಕೆ ಬೀದಿಯಲ್ಲಿ ಬಿದ್ದ ಎಲೆಗಳೇ ಇವೆಯಲ್ಲ. ಹಿಮಗಟ್ಟುವ ಚಳಿ ಬಿದ್ದರೆ ಎಲೆ ಕೆಂಪಾಗುತ್ತದೆ ಎಂಬ ಮಾತು ತಪ್ಪು. ಹಳದಿ ಬಣ್ಣ ಎಲೆಯಲ್ಲಿ ಮೊದಲಿನಿಂದಲೂ ಇರುತ್ತದೆ, ಹಸಿರು ಹೋದ ಮೇಲೆ ಕಾಣುತ್ತದೆ. ಕೆಂಪು ಹಾಗಲ್ಲ. ಅದನ್ನು ಬಹಳಷ್ಟು ಮರಗಳು ಉದುರುವ ಮುಂಚೆ ಹೊಸದಾಗಿ ತಯಾರಿಸುತ್ತವೆ. ಅದಕ್ಕೆ ಬಿಸಿಲಿನ ಹಗಲು, ಹೆಪ್ಪುಗಟ್ಟದಷ್ಟು ತಂಪಿನ ರಾತ್ರಿ ಬೇಕು. ಹಿಮ ಬಿದ್ದರೆ ಎಲೆ ಸತ್ತು ಕಂದಾಗುತ್ತದೆ. ಹಾಗಾಗಿ ಒಳ್ಳೆಯ ಕೆಂಪೆಲೆಗಳನ್ನು ಮೊದಲೇ ಆರಿಸಿ, ದಪ್ಪ ಪುಸ್ತಕದ ಹಾಳೆಗಳ ನಡುವೆ ಒಣಗಿಸಿ, ಬಿಸಿಲು ಬೀಳದ ಕಡೆ ಅಂಟಿಸಿ. ಬೆಳಕು ಬಿದ್ದಷ್ಟೂ ಬಣ್ಣ ಬೇಗ ಮಾಸುತ್ತದೆ.

ಕೊನೆಗೆ, ನನ್ನ ಪ್ರಕಾರ ಅತಿ ಅಗ್ಗದ ಹೀಟರ್: ನೆಂಟರು, ಗೆಳೆಯರು. ಸುಮ್ಮನೆ ಕೂತ ಒಬ್ಬ ಮನುಷ್ಯ ಸುಮಾರು 100 ವ್ಯಾಟ್ ಶಾಖ ಬಿಡುತ್ತಾನೆ. ದೀಪಾವಳಿ ಹೇಗೂ ಅದೇ ಕಾಲಕ್ಕೆ ಬರುತ್ತದೆ. ಆರು ಜನ ಊಟಕ್ಕೆ ಬಂದರೆ 600 ವ್ಯಾಟ್. ಅದಕ್ಕಿಂತ ಮುಖ್ಯವಾಗಿ, ನಿಮ್ಮ ಸುತ್ತ ಈಗ 30 ಡಿಗ್ರಿ ದಾಟಿದ ಆರು ಮುಖಗಳಿವೆ. ಯಾವ ಗೋಡೆಯೂ ಅಷ್ಟು ಮುಯ್ಯಿ ಕೊಡುವುದಿಲ್ಲ. ಅವರ ಉಸಿರಿನ ತೇವ ಗಾಜಿನ ಮೇಲೆ ನೀರಾಗಿ ಇಳಿಯುತ್ತದೆ, ಹಾಗಾಗಿ ಎಲ್ಲರೂ ಹೊರಟ ಮೇಲೆ ಐದು ನಿಮಿಷ ಕಿಟಕಿ ಪೂರ್ತಿ ತೆರೆಯಿರಿ. ಬಿಸಿಯೆಲ್ಲ ಹೋಗುತ್ತದೆಂಬ ಭಯ ಬೇಡ. ನಾಲ್ಕು ಮೀಟರ್ ಉದ್ದಗಲದ ಕೋಣೆಯ ಗಾಳಿಯನ್ನು ಹತ್ತು ಡಿಗ್ರಿ ಮತ್ತೆ ಏರಿಸಲು ಒಂದು ಯೂನಿಟ್‌ನ ಏಳನೇ ಒಂದು ಭಾಗದಷ್ಟು ಶಾಖ ಸಾಕು. ಗೋಡೆಯ ಇಟ್ಟಿಗೆಗಳಲ್ಲಿ ಅದರ ಎಷ್ಟೋ ಪಟ್ಟು ಶಾಖ ಕೂತಿರುತ್ತದೆ, ಐದು ನಿಮಿಷದಲ್ಲಿ ಅವು ತಣ್ಣಗಾಗುವುದಿಲ್ಲ.