ಉಳಿಸು, ಅಳಿಸು

ಕಾಸರಗೋಡಿನ ಪೆರ್ಲದ ನನ್ನ ಭಾವ ಅಡಿಕೆಯ ಲೆಕ್ಕವನ್ನೆಲ್ಲ ಒಂದೇ ಎಕ್ಸೆಲ್ ಫೈಲಿನಲ್ಲಿ ಇಟ್ಟಿದ್ದಾರೆ. ತಾರೀಕು, ಯಾವ ದರ್ಜೆ (ಮೇಲಿನದಾದ ಚಾಲಿಯೋ, ಪಟೋರವೋ, ಕೀಳಾದ ಕರಿಗೋಟೋ), ಎಷ್ಟು ಕಿಲೋ, ಏನು ದರ, ಎಲ್ಲವೂ ಅದರಲ್ಲೇ. ಹೋದ ಮಳೆಗಾಲದಲ್ಲಿ ಒಂದು ದಿನ ದರದ ಕಾಲಂ ಒಂದನ್ನೇ ಆಯ್ದು ಸಾರ್ಟ್ ಮಾಡಿದರು. ಪಕ್ಕದ ಕಾಲಂಗಳನ್ನೂ ಸೇರಿಸಬೇಕೇ ಎಂದು ಕಂಪ್ಯೂಟರ್ ಕೇಳಿದ್ದಕ್ಕೆ ಬೇಡವೆಂದರು. ದರಗಳು ಮಾತ್ರ ಏರಿಕೆಯ ಕ್ರಮದಲ್ಲಿ ನಿಂತವು, ಉಳಿದದ್ದು ಇದ್ದಲ್ಲೇ ಇತ್ತು. ಕರಿಗೋಟಿಗೆ ಚಾಲಿಯ ದರ ಬಂತು. ನೋಡದೆ ಸೇವ್ ಮಾಡಿ ಮುಚ್ಚಿದರು. ಮರುದಿನ ನನಗೆ ಫೋನು: “ಆನು ಮೂರು ಸರ್ತಿ ಸೇವ್ ಮಾಡಿದ್ದೆ ಭಾವಾ, ಮತ್ತೆ ಹೇಂಗೆ ಹೋತು?”

ಈ ಮಾತನ್ನು ನಾನು ಎಷ್ಟು ಕಡೆ ಕೇಳಿದ್ದೇನೋ! ಸೇವ್ ಅಂದರೆ ಭದ್ರ, ಮೂರು ಸಲ ಒತ್ತಿದರೆ ಮೂರು ಪಟ್ಟು ಭದ್ರ ಎಂಬ ನಂಬಿಕೆ ಮಂತ್ರ ಜಪಿಸಿದಂತೆ ನಡೆಯುತ್ತಿದೆ. ಮೂರು ಸಲ ಒತ್ತಿದರೆ ಅದೇ ತಪ್ಪು ಮೂರು ಸಲ ಬರೆದಂತಾಗುತ್ತದೆ, ಅಷ್ಟೆ. ಸೇವ್ ಒತ್ತಿದಾಗ ನಿನ್ನೆಯ ಲೆಕ್ಕ ಹೋಗಿ ಇವತ್ತಿನದು ಅದೇ ಹೆಸರಿನಲ್ಲಿ ಕೂರುತ್ತದೆ. ಹೊಸದನ್ನು ಉಳಿಸುವುದೂ ಹಳೆಯದನ್ನು ಅಳಿಸುವುದೂ ಒಂದೇ ಏಟಿಗೆ. ಮಾಡಿದ್ದನ್ನು ಹಿಂದೆಗೆಯುವ ಅಂಡೂ ಇದೆಯಲ್ಲ ಅನ್ನಬಹುದು. ಅದರ ಪಟ್ಟಿ ಇರುವುದು ಕಂಪ್ಯೂಟರಿನ ತಾತ್ಕಾಲಿಕ ನೆನಪಾದ ರ‍್ಯಾಮ್‌ನಲ್ಲಿ. ಫೈಲು ಮುಚ್ಚಿದರೆ ಅದೂ ಇಲ್ಲ.

ಫೈಲಿಗೆ ನಾವು ಕನ್ನಡದಲ್ಲಿ ಕಡತ ಎನ್ನುತ್ತೇವೆ. ಎಷ್ಟು ಸರಿಯಾದ ಹೆಸರು! ಹಿಂದೆ ಕಡತವೆಂದರೆ ಬಟ್ಟೆಗೆ ಹುಣಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಚಿ ಮಾಡಿದ ಕಪ್ಪು ಪುಸ್ತಕ. ಅದರ ಮೇಲೆ ಬಳಪದಿಂದ ವ್ಯಾಪಾರಿಗಳು ಲೆಕ್ಕ ಬರೆಯುತ್ತಿದ್ದರು. ಬೇಡವಾದರೆ ಒರೆಸಿ ಅಲ್ಲೇ ಹೊಸದು ಬರೆಯಬಹುದಿತ್ತು. ತಾಳೆಗರಿಯದು ಬೇರೆ ಜಾತಿ. ಕಂಠವೆಂಬ ಕಬ್ಬಿಣದ ಲೇಖನಿಯಿಂದ ಕೊರೆದು ಮಸಿ ಉಜ್ಜಿದ ಅಕ್ಷರ ಒರೆಸಿದರೆ ಹೋಗದು. ತಪ್ಪಾದರೆ ಇನ್ನೊಂದು ಗರಿ ತೆಗೆದುಕೊಳ್ಳಬೇಕು, ಗರಿಗಳು ಕಲಸಿಹೋಗದಂತೆ ಅಂಚಿನಲ್ಲಿ ಅಂಕಿ ಹಾಕಬೇಕು. ನಮ್ಮ ಕಂಪ್ಯೂಟರಿನ ಫೈಲು ಹೆಸರಿಗೆ ತಕ್ಕ ಕಡತ. ನಾವು ಅದನ್ನು ತಾಳೆಗರಿಯೆಂದು ನಂಬಿ ಕೆಡುತ್ತಿದ್ದೇವೆ.

ಅದನ್ನು ತಾಳೆಗರಿಯ ಕಟ್ಟಾಗಿಸಿದವರೂ ಇದ್ದರು. ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಶನ್ 1977ರಲ್ಲಿ ತಂದ ವ್ಯಾಕ್ಸ್ ಕಂಪ್ಯೂಟರುಗಳ ವಿಎಂಎಸ್ ವ್ಯವಸ್ಥೆಯಲ್ಲಿ, ತಿದ್ದಿ ಉಳಿಸಿದಾಗಲೆಲ್ಲ ಫೈಲಿನ ಹೆಸರಿನ ಕೊನೆಗೆ ಅರ್ಧವಿರಾಮ ಹಾಕಿ ಹೊಸ ಸಂಖ್ಯೆ ಬೀಳುತ್ತಿತ್ತು. ಹಳೆಯದು ಹಾಗೇ ಇರುತ್ತಿತ್ತು. ರಾಶಿ ಹೆಚ್ಚಾದರೆ ಹಳೆಯವನ್ನು ಅಳಿಸಲು ‘ಪರ್ಜ್’ ಎಂಬ ಆಜ್ಞೆ. ಇಷ್ಟು ಒಳ್ಳೆಯ ಗುಣ ಮುಂದೆ ಮನೆಮನೆಯ ಕಂಪ್ಯೂಟರಿಗೆ ಬರಲಿಲ್ಲ ಎಂಬುದು ನನಗೆ ಇಂದಿಗೂ ಬೇಸರ.

ಈಗ ನಾವೇ ಮಾಡಿಕೊಳ್ಳಬೇಕು. ಕೇರಳದ ಶಾಲೆಗಳಲ್ಲಿ ಸ್ವತಂತ್ರ ತಂತ್ರಾಂಶ ಕಲಿಸುವುದರಿಂದ ನಮ್ಮ ಕನ್ನಡ ಮಾಧ್ಯಮದ ಮಕ್ಕಳಿಗೂ ಲಿಬ್ರೆ ಆಫೀಸ್ ಗೊತ್ತು. ಅದರ ಫೈಲ್ ಮೆನುವಿನ ‘ವರ್ಷನ್ಸ್’ನಲ್ಲಿ, ಮುಚ್ಚುವಾಗಲೆಲ್ಲ ಹೊಸ ಆವೃತ್ತಿ ಉಳಿಸು ಎಂಬ ಆಯ್ಕೆ ಇದೆ. ಆವೃತ್ತಿಗಳು ಫೈಲಿನ ಹೊಟ್ಟೆಯೊಳಗೇ ಇರುತ್ತವೆ. ಆದರೆ ‘ಸೇವ್ ಆ್ಯಸ್’ ಮಾಡಿದ ಪ್ರತಿಗೆ ಅವು ಹೋಗುವುದಿಲ್ಲ.

ಎಕ್ಸೆಲ್‌ನಲ್ಲಾದರೆ ಪುಟ್ಟ ಮ್ಯಾಕ್ರೋ, ಅಂದರೆ ತಾನೇ ಓಡುವ ಆಜ್ಞೆಗಳ ಸಾಲು, ಬೇಕು. ‘ಬಿಫೋರ್ ಕ್ಲೋಸ್’ ಎಂಬ ಘಟನೆಗೆ ‘ಸೇವ್ ಕಾಪಿ ಆ್ಯಸ್’ ಎಂಬ ಆಜ್ಞೆ ಕಟ್ಟಿದರೆ, ಮುಚ್ಚಹೊರಟಾಗಲೇ ಪ್ರತಿಯೊಂದು ಹೊರಬೀಳುತ್ತದೆ. ‘ಸೇವ್ ಆ್ಯಸ್’ ಬೇಡವೇ ಬೇಡ. ಅದು ಒಕ್ಕಲು ಎಬ್ಬಿಸಿದಂತೆ: ನೀವು ಹೊಸ ಫೈಲಿಗೆ ಹೋಗಿ ಕೂರುತ್ತೀರಿ, ಮುಂದಿನ ಕೆಲಸವೆಲ್ಲ ಅಲ್ಲೇ. ‘ಸೇವ್ ಕಾಪಿ ಆ್ಯಸ್’ ಮನೆಯಲ್ಲೇ ಕುಳಿತು ಫೋಟೋ ತೆಗೆಸಿದಂತೆ. ಬೀಜಕ್ಕೆಂದು ನಾಲ್ಕು ಹಣ್ಣಡಿಕೆ ತೆಗೆದಿಟ್ಟಂತೆ ಎಂದರೂ ಸರಿ, ಮರ ಇದ್ದಲ್ಲೇ ಇರುತ್ತದೆ. ಇನ್ನೊಂದು ವಿಷಯ. ಬದಲಾವಣೆ ಉಳಿಸಬೇಕೇ ಎಂದು ಎಕ್ಸೆಲ್ ಕೇಳುವ ಮೊದಲೇ ಈ ಮ್ಯಾಕ್ರೋ ಓಡುತ್ತದೆ. ನೀವು ‘ಕ್ಯಾನ್ಸಲ್’ ಒತ್ತಿದರೂ ಪ್ರತಿ ಆಗಲೇ ಆಗಿಬಿಟ್ಟಿರುತ್ತದೆ.

ಇನ್ನು ಅಂಕಿ. 1, 2, 3 ಎಂದು ಹಾಕುತ್ತ ಹೋದರೆ ಹತ್ತನೆಯದಕ್ಕೆ ಎಡವಟ್ಟು. ಹೆಸರನ್ನು ಬರಿಯ ಅಕ್ಷರವೆಂದು ಓದುವ ಪ್ರೋಗ್ರಾಮುಗಳಿಗೆ 10 ಎಂಬುದು 2ಕ್ಕಿಂತ ಮೊದಲು, ಏಕೆಂದರೆ ಅವು ನಿಘಂಟಿನಂತೆ ಮೊದಲ ಅಕ್ಷರಕ್ಕೆ ಮೊದಲ ಅಕ್ಷರವನ್ನೇ ಹೋಲಿಸುತ್ತವೆ. ‘ಕಮಲ’ ಎಷ್ಟೇ ಉದ್ದವಾಗಿದ್ದರೂ ‘ಗಜ’ಕ್ಕಿಂತ ಮುಂಚೆ ತಾನೆ? ಅದಕ್ಕೇ 001, 002 ಎಂದು ಮೊದಲೇ ಸೊನ್ನೆ ತುಂಬಿಸಬೇಕು. ಮುಂದಿನ ಸಂಖ್ಯೆಯನ್ನು ಫೈಲಿನೊಳಗೆ ಬರೆದಿಡುವುದಕ್ಕಿಂತ, ಫೋಲ್ಡರಿನಲ್ಲಿರುವ ದೊಡ್ಡ ಸಂಖ್ಯೆಯನ್ನು ಹುಡುಕಿ ಒಂದು ಕೂಡಿಸುವುದು ಮೇಲು. ಹಳೆಯ ಪ್ರತಿಯನ್ನು ತೆರೆದು ಮುಚ್ಚಿದರೂ ಲೆಕ್ಕ ತಪ್ಪುವುದಿಲ್ಲ.

ಭಾವ ಎರಡು ರಾತ್ರಿ ಕೂತು, ಅಂಗಡಿಯ ಚೀಟಿಗಳನ್ನು ನೋಡಿ ದರಗಳನ್ನು ಮತ್ತೆ ತುಂಬಿದರು. ಈಗ ಅವರ ಫೋಲ್ಡರಿನಲ್ಲಿ 041ರವರೆಗೆ ಪ್ರತಿಗಳಿವೆ. ಮುಚ್ಚುವ ಮೊದಲೇ ಕರೆಂಟು ಹೋದರೆ ಮ್ಯಾಕ್ರೋ ಓಡುವುದಿಲ್ಲ, ಅದು ಅವರಿಗೆ ಗೊತ್ತು. ಎಲ್ಲ ಪ್ರತಿಗಳೂ ಒಂದೇ ಡಿಸ್ಕಿನಲ್ಲಿವೆ ಎಂಬುದೂ ಗೊತ್ತು. ತುಲಾ ತಿಂಗಳ ಸಿಡಿಲು ಶುರುವಾಗುವ ಮೊದಲೇ ಪೆನ್‌ಡ್ರೈವ್ ತಂದು, ಆದಿತ್ಯವಾರ ಸಂಜೆ ಎಲ್ಲವನ್ನೂ ಅದಕ್ಕೆ ಹಾಕಿ, ಕಿತ್ತು, ಕಪಾಟಿನಲ್ಲಿ ಇಡುತ್ತಾರೆ.